ವಾರಿಜಕ್ಕ ತೆಗೆದ ಪ್ಲಗ್

ಸುಳ್ಳು ಹೇಳಿದ್ದು ನಾನು. ವಾರಿಜಕ್ಕ ಪ್ಲಗ್ ತೆಗೆದದ್ದರಿಂದ ಏನೂ ಹಾಳಾಗಲಿಲ್ಲ. ಅವರ ಗಂಡ ಶ್ರೀಧರಣ್ಣನ ಸ್ವರ ಮೊದಲ ಸಲ ಹೋದದ್ದು ಮಂಗಳೂರಿನ ಆಸ್ಪತ್ರೆಯಲ್ಲಿ. ಅದು ರೋಗದ ಕೆಲಸ, ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ. ಎರಡನೆಯ ಸಲ ಹೋದದ್ದು ಕಡಬದ ಅವರ ಮನೆಯಲ್ಲೇ, ಕಂಪ್ಯೂಟರಿನೊಳಗಿಂದ — ಅದು ನನ್ನ ಕೆಲಸ. ಆ ತಪ್ಪನ್ನು ವಾರಿಜಕ್ಕನ ತಲೆಗೆ ಕಟ್ಟಿ, ಅವರೇ ಮಾಡಿಕೊಟ್ಟ ಚಾ ಕುಡಿದು, ಪುತ್ತೂರಿನ ಬಸ್ಸು ಹತ್ತಿದವನು ನಾನು. ಇಷ್ಟು ವರ್ಷ ಅವರು ಅದನ್ನು ಹೊತ್ತುಕೊಂಡು ತಿರುಗಿದ್ದಾರೆ. ನಾನು ಕೈ ಬೀಸಿಕೊಂಡು ತಿರುಗಿದ್ದೇನೆ.

ನಾನು ಪುತ್ತೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಮಾಡುವವನು. ನಂಟರ ಬಾಯಲ್ಲಿ ‘ಮಾಷ್ಟ್ರು’. ಈ ಮಾಷ್ಟ್ರು ಎಂಬ ಮರ್ಯಾದೆಗೆ ಒಂದು ಬೆಲೆ ಉಂಟು: ಪುತ್ತೂರಿನಿಂದ ಸುಳ್ಯದವರೆಗೆ ಯಾರ ಮನೆಯಲ್ಲಿ ಕಂಪ್ಯೂಟರ್ ಕೆಮ್ಮಿದರೂ ನನಗೆ ಫೋನು. ಊಟಕ್ಕೆ ಕರೆಯುತ್ತಾರೆ, ಪಾಯಸ ಬಡಿಸುತ್ತಾರೆ, ಕೈ ತೊಳೆದು ಬರುವಷ್ಟರಲ್ಲಿ ‘ಹೇಗೂ ಬಂದಿದ್ದೀರಲ್ಲ’ ಎಂದು ಒಳಕೋಣೆಯ ದೀಪ ಹಾಕುತ್ತಾರೆ. ಅಲ್ಲಿ ಕ್ರೋಶದ ಬಟ್ಟೆ ಹೊದ್ದುಕೊಂಡು ಒಂದು ಕಂಪ್ಯೂಟರ್ ಕೂತಿರುತ್ತದೆ. ಪರದೆಯ ಮೇಲೆ ದೇವರ ಫೋಟೋ, ಕೀಲಿಮಣೆಯ ಸಂದಿಯಲ್ಲಿ ಚಕ್ಕುಲಿಯ ಪುಡಿ. ನಾನು ಆ ಜನರನ್ನು ಎಷ್ಟು ತಾತ್ಸಾರ ಮಾಡುತ್ತಿದ್ದೆ ಎಂದರೆ — ಬಾಯಲ್ಲಿ ಬಹುವಚನ, ಮನಸ್ಸಿನಲ್ಲಿ ಏಕವಚನ. ಇವರಿಗೆಲ್ಲ ಯಾಕೆ ಕಂಪ್ಯೂಟರ್ ಎಂದುಕೊಳ್ಳುತ್ತಲೇ ಪಾಯಸದ ಎರಡನೆಯ ಸೌಟಿಗೆ ಬಾಳೆಲೆ ಒಡ್ಡುತ್ತಿದ್ದೆ.

ಅವರಲ್ಲೆಲ್ಲ ನನಗೆ ಅತಿ ಹೆಚ್ಚು ತಾತ್ಸಾರ ಇದ್ದದ್ದು ಶ್ರೀಧರಣ್ಣನ ಮೇಲೆ. ನನ್ನ ಹೆಂಡತಿಯ ದೊಡ್ಡಮ್ಮನ ಮಗ, ನನಗೆ ಭಾವ. ಕಡಬದಲ್ಲಿ ಮನೆ, ಒಂದು ಜೀಪು, ಜೀಪಿನ ತಲೆಯ ಮೇಲೆ ಎರಡು ಹಾರ್ನು. ಕೆಲಸ ಪ್ರಚಾರ. ವಾಲಿಬಾಲ್ ಪಂದ್ಯ, ರಕ್ತದಾನ ಶಿಬಿರ, ತಾಳಮದ್ದಳೆ, ಹೊಸ ಚಪ್ಪಲಿ ಅಂಗಡಿ — ಯಾವುದಿದ್ದರೂ ಆ ಜೀಪು ಹೊರಡುತ್ತಿತ್ತು, ಆ ಸ್ವರವೂ ಹೊರಡುತ್ತಿತ್ತು. ‘ಸಹೃದಯ ಬಂಧುಗಳೇ, ಭಗಿನಿಯರೇ’ ಎಂದು ಶುರುವಾದರೆ ರಬ್ಬರಿನ ಮರದಲ್ಲಿದ್ದ ಹಕ್ಕಿಗಳೆಲ್ಲ ಎದ್ದು ಹೋಗಬೇಕು. ಚಪ್ಪಲಿ ಅಂಗಡಿಯ ಉದ್ಘಾಟನೆಗೆ ಅಷ್ಟು ಗದ್ಗದ ಯಾಕೆ? ಮಂತ್ರಕ್ಕಿಂತ ಉಗುಳೇ ಜಾಸ್ತಿ. ಒಮ್ಮೆ ಪರೀಕ್ಷೆ ನಡೆಯುತ್ತಿದ್ದಾಗ ನಮ್ಮ ಕಾಲೇಜಿನ ಎದುರೇ ಅವರ ಜೀಪು ಹಾದುಹೋಯಿತು. ಸಹೋದ್ಯೋಗಿಯೊಬ್ಬರು, ‘ಯಾರದು ಈ ಗಂಟಲು?’ ಎಂದು ಸಿಡುಕಿದರು. ಗೊತ್ತಿಲ್ಲ ಎಂದೆ. ಭಾವ ಎಂದು ಹೇಳಿಕೊಳ್ಳಲು ನಾಚಿಕೆಯಾಯಿತು.

ಊರವರಿಗೆ ಮಾತ್ರ ಆ ಸ್ವರ ಎಂದರೆ ಪ್ರೀತಿ. ಮರ್ಕಂಜದ ಕಡೆ ಹೆಂಗಸರು ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಅಂಗಳದ ತುದಿಗೆ ಬರುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಶ್ರೀಧರಣ್ಣನೇ — ತನ್ನನ್ನು ತಾನು ಹೊಗಳಿಕೊಳ್ಳುವುದರಲ್ಲೂ ಅವರಿಗೆ ಮೈಕಿನ ದನಿ ಬರುತ್ತಿತ್ತು. ನಾನು ತಲೆಯಾಡಿಸಿ, ಪಾತ್ರೆ ತೊಳೆಯುವುದು ತಪ್ಪಿಸಲು ಯಾವ ನೆಪವಾದರೂ ಸಾಕಲ್ಲ ಎಂದು ಒಳಗೊಳಗೆ ನಕ್ಕಿದ್ದೆ.

ಆಮೇಲೆ ಆ ಗಂಟಲಿಗೇ ರೋಗ ಬಂತು. ಸ್ವರದ ಪೆಟ್ಟಿಗೆಯನ್ನೇ ತೆಗೆಯಬೇಕು, ಬೇರೆ ದಾರಿ ಇಲ್ಲ ಎಂದರು ಡಾಕ್ಟರು. ಬೇರೆಯವರಾದರೆ ದೇವಸ್ಥಾನಗಳ ಮೆಟ್ಟಿಲು ಹತ್ತುತ್ತಿದ್ದರು. ಶ್ರೀಧರಣ್ಣ ಹೊರಗಿನ ಸದ್ದು ಬಾರದ ಹಾಗೆ ಕಂಪ್ಯೂಟರ್ ಕೋಣೆಯ ಕಿಟಕಿಗೆ ಹಾಸಿಗೆ ಒರಗಿಸಿ, ಬಾಗಿಲಿಗೆ ಕಂಬಳಿ ಕಟ್ಟಿ ಒಳಗೆ ಕೂತರು. ಆಪರೇಷನ್ನಿಗೆ ಮೊದಲು ಸಿಕ್ಕಿದ ದಿನಗಳಲ್ಲಿ ತನ್ನ ಸ್ವರವನ್ನು ತುಂಡು ತುಂಡಾಗಿ ತೆಗೆದಿಡಲು ಹೊರಟರು. ಊರುಗಳ ಹೆಸರು: ಕಡಬ, ಬೆಳ್ಳಾರೆ, ಮರ್ಕಂಜ, ಪಂಜ, ಆಲಂಕಾರು. ವಾರಗಳು, ತಿಂಗಳುಗಳು, ಗಂಟೆಗಳು. ‘ಸಂಜೆ’, ‘ಸರಿಯಾಗಿ’, ‘ಸರ್ವರಿಗೂ ಆದರದ ಸ್ವಾಗತ’. ಆಮೇಲೆ ಬೇಕಾದ ಹಾಗೆ ಜೋಡಿಸಿದರೆ ಹೊಸ ಪ್ರಕಟಣೆ ಆಗುತ್ತದಂತೆ. ಗಂಟಲು ಹೋದರೂ ಕೆಲಸ ನಿಲ್ಲುವುದಿಲ್ಲವಂತೆ. ನನಗೆ ಇದೆಲ್ಲ — ಹೇಳಲೇಬೇಕಲ್ಲ — ನಗೆಪಾಟಲಾಗಿ ಕಂಡಿತು. ಸಾವಿನ ಬಾಗಿಲಲ್ಲಿ ನಿಂತವನು ‘ಬೃಹತ್ ಚಪ್ಪಲಿ ಮೇಳ’ ಎಂದು ರೆಕಾರ್ಡ್ ಮಾಡುತ್ತಾ ಕೂರುವುದೇ?

ಆದರೆ ಅವರಿಗೆ ಒಂದು ಹೆದರಿಕೆ ಇತ್ತು. ಕಂಪ್ಯೂಟರ್ ಹಾಳಾದರೆ? ಯಾರೋ ಬ್ಯಾಕಪ್ ಎಂಬ ಮಾತು ಕಿವಿಗೆ ಹಾಕಿದ್ದರು. ತಾನಾಗಿಯೇ ದಿನವೂ ಇನ್ನೊಂದು ಡಿಸ್ಕಿಗೆ ನಕಲು ಆಗುವ ಏರ್ಪಾಡು ಉಂಟಂತೆ, ಅದನ್ನು ನಮ್ಮ ಮಾಷ್ಟ್ರೇ ಮಾಡಿಕೊಡಬೇಕು ಎಂದು ಹಟ. ಅಂಗಡಿಯವರು ಮಾಡಿಕೊಡುತ್ತಾರೆ ಎಂದು ನಾನು ಜಾರಿಕೊಳ್ಳಲು ನೋಡಿದೆ. ‘ಅಂಗಡಿಯವ್ರು ಬೇಡ ಭಾವ, ಇದು ಮನೆಯವ್ರೇ ಮಾಡ್ಬೇಕಾದ ಕೆಲ್ಸ’ ಎಂದರು. ಹೆಂಡತಿ ಕಣ್ಣು ಬಿಟ್ಟಳು. ಒಂದು ಭಾನುವಾರ ಸವಣೂರು ದಾರಿಯ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ಇಡೀ ದಾರಿ ಗೊಣಗುತ್ತಾ ಕಡಬಕ್ಕೆ ಹೋದೆ.

ಆ ಭಾನುವಾರದ ಬಗ್ಗೆ ಸರಿಯಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲವೂ ಅಲ್ಲಿಯೇ ಆದದ್ದು. ಹೊಸ ಡಿಸ್ಕನ್ನು ಅವರು ತಂದಿಟ್ಟಿದ್ದರು. ಅಂಗೈ ಅಗಲದ ಕಪ್ಪು ಪೆಟ್ಟಿಗೆ, ಅದಕ್ಕೆ ಅರಿಶಿನ ಕುಂಕುಮ ಬೇರೆ. ನಾನು ಅದನ್ನು ಒರೆಸಿ, ಸಿಕ್ಕಿಸಿ, ಬ್ಯಾಕಪ್ಪಿನ ಬಟನ್ ಒತ್ತಿದೆ. ಹಸಿರು ಗುರುತು ಬಂತು. ಮುಗಿಯಿತು ಎಂದು ಎದ್ದೆ. ಇಲ್ಲಿ ಒಂದು ಮಾತು ಗೊತ್ತಿರಬೇಕು. ಆ ಏರ್ಪಾಡು ತಾನಾಗಿ ನೋಡಿಕೊಳ್ಳುವುದು ಡೆಸ್ಕ್‌ಟಾಪ್, ಫೋಟೋ, ದಾಖಲೆ — ಹೀಗೆ ಕೆಲವೇ ಜಾಗಗಳನ್ನು. ಬೇರೆ ಡ್ರೈವಿನಲ್ಲಿ ಏನಾದರೂ ಇದ್ದರೆ ಅದನ್ನು ನಾವೇ ತೋರಿಸಿಕೊಡಬೇಕು. ಅಡುಗೆಮನೆಗೆ ಮಾತ್ರ ಬೀಗ ಹಾಕಿ ಮನೆಗೆ ಹಾಕಿದ್ದೇನೆ ಎಂದು ಹೇಳಿದ ಹಾಗೆ. ಇದನ್ನು ಮಕ್ಕಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಕಲಿಸುವವನು ನಾನು. ಶ್ರೀಧರಣ್ಣನ ಸ್ವರದ ತುಂಡುಗಳು ಎಲ್ಲಿವೆ ಎಂದು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ. ಕೇಳಿದರೆ ಅವರು ಶುರು ಮಾಡುತ್ತಾರೆ, ಒಂದೊಂದೇ ಹಾಕಿ ಕೇಳಿಸುತ್ತಾರೆ, ಊಟ ತಡವಾಗುತ್ತದೆ. ಅವು ಇದ್ದದ್ದು ಡಿ ಡ್ರೈವಿನಲ್ಲಿ.

ಅವರು ನನ್ನ ಹಿಂದೆಯೇ ನಿಂತಿದ್ದರು. ಸ್ವರ ಆಗಲೇ ಒಡೆದಿತ್ತು, ಮಾತಿಗೊಮ್ಮೆ ಗಂಟಲು ಹಿಡಿದುಕೊಳ್ಳುತ್ತಿದ್ದರು.

‘ಎಲ್ಲ ಉಂಟಲ್ಲ ಭಾವ ಅದ್ರಲ್ಲಿ?’

‘ಉಂಟು ಉಂಟು’ ಎಂದೆ. ನಾನು ಆಗ ಫೋನ್ ನೋಡುತ್ತಿದ್ದೆ. ತಲೆ ಎತ್ತಲಿಲ್ಲ.

ಅವರ ಸ್ವಂತ ಗಂಟಲಿನಿಂದ ನಾನು ಕೇಳಿದ ಕೊನೆಯ ಮಾತು ಅದು. ಆ ವಾರವೇ ಆಪರೇಷನ್ ಆಯಿತು.

ಆಶ್ಚರ್ಯ ಎಂದರೆ ಅವರ ಹುಚ್ಚು ಫಲಿಸಿತು. ಗಾಯ ಆರಿದ ಮೇಲೆ ಶ್ರೀಧರಣ್ಣ ಕಂಪ್ಯೂಟರಿನ ಎದುರು ಕೂತು ತುಂಡುಗಳನ್ನು ಪೋಣಿಸಿ, ಪೆನ್ ಡ್ರೈವಿಗೆ ಹಾಕಿ, ಜೀಪಿನಲ್ಲಿ ಹೊರಟೇಬಿಟ್ಟರು. ಕುತ್ತಿಗೆಯ ತೂತಿನ ಮೇಲೆ ಒಂದು ಬಿಳಿ ಬಟ್ಟೆ, ಜೀಪಿನ ಮೇಲೆ ಅದೇ ಹಳೆಯ ಗದ್ಗದ. ಒಳಊರುಗಳಲ್ಲಿ ಎಷ್ಟೋ ಜನಕ್ಕೆ ಅವರ ಸ್ವರ ಹೋದದ್ದೇ ಗೊತ್ತಾಗಲಿಲ್ಲ. ಜೀಪು ನಿಲ್ಲಿಸಿ ಮಾತಾಡಿಸಿದವರಿಗೆ ಶ್ರೀಧರಣ್ಣ ಕೈ ಮೇಲೆ ಮಾಡಿ ಹಾರ್ನು ತೋರಿಸುತ್ತಿದ್ದರಂತೆ — ಮಾತು ಅಲ್ಲಿ ಉಂಟು ಎಂಬ ಹಾಗೆ. ನಾನು ಸ್ಟಾಫ್ ರೂಮಿನಲ್ಲಿ, ‘ಪಿಂಡ ಇಟ್ಟ ಮೇಲೂ ಮನೆ ಬಿಡದ ಪ್ರೇತ’ ಎಂದು ಹೇಳಿ ನಾಲ್ಕು ಜನರನ್ನು ನಗಿಸಿದೆ. ಆ ನಗು ಈಗ ನೆನಪಾದರೆ — ಇರಲಿ.

ಇನ್ನು ಪ್ಲಗ್ಗಿನ ವಿಷಯ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಾಗಿಲ್ಲ. ಏಪ್ರಿಲಿನ ವಿಷು ಹಬ್ಬ ಹತ್ತಿರ ಬಂದರೆ ಸಂಜೆಯಾಗುತ್ತಲೇ ಸುಬ್ರಹ್ಮಣ್ಯದ ಕಡೆಯಿಂದ ಗುಡುಗು. ಮೊದಲ ಗುಡುಗಿಗೆ ಎಲ್ಲ ಮನೆಗಳಲ್ಲೂ ಒಂದೇ ಕೂಗು: ‘ಪ್ಲಗ್ ತೆಗಿ.’ ಟಿವಿ, ಫ್ರಿಜ್ಜು, ಮಿಕ್ಸಿ, ನೀರಿನ ಪಂಪು. ಒಲೆಯ ಮೇಲೆ ಹಾಲು ಉಕ್ಕಿದರೂ ಉಕ್ಕಲಿ, ಮೊದಲು ಪ್ಲಗ್. ಸಿಡಿಲು ಬಿದ್ದು ಗೋಡೆಯ ವಯರು ಸುಲಿದು ನೇತಾಡಿದ್ದನ್ನು ಕಂಡವರು ಮನೆಗೊಬ್ಬರಾದರೂ ಇದ್ದಾರೆ. ಅದರಲ್ಲೂ ವಾರಿಜಕ್ಕ ಈ ಕೆಲಸದಲ್ಲಿ ಬಹಳ ಚುರುಕು. ಕಂಪ್ಯೂಟರಿನ ಪ್ಲಗ್ ಎಳೆದು, ಕಪ್ಪು ಡಿಸ್ಕನ್ನು ಬಿಡಿಸಿ, ಗಂಡ ಉಡುತ್ತಿದ್ದ ಹಳೆಯ ವೇಷ್ಟಿಯ ತುಂಡಿನಲ್ಲಿ ಸುತ್ತಿ ಕಪಾಟಿನ ಸೀರೆಗಳ ನಡುವೆ ಇಡುತ್ತಿದ್ದರು. ಬೆಳಿಗ್ಗೆ ಪುನಃ ತಂದು ಸಿಕ್ಕಿಸುತ್ತಿದ್ದರು. ಗಂಡನ ಸ್ವರ ಆ ಪೆಟ್ಟಿಗೆಯೊಳಗೆ ಉಂಟು ಎಂದು ನಂಬಿದ್ದರಲ್ಲ. ನಂಬಿಸಿದ್ದು ನಾನಲ್ಲವೇ.

ಅವರಿಗೆ ಗೊತ್ತಿಲ್ಲದ್ದು ಒಂದೇ: ಇಂಟರ್‌ನೆಟ್ಟಿನ ತೆಳ್ಳಗಿನ ವಯರು. ಸಿಡಿಲಿಗೆ ಅದೂ ಒಂದು ದಾರಿ. ನಮ್ಮ ಮನೆಯಲ್ಲಿ ನಾನು ಮೊದಲು ಕೀಳುವುದೇ ಅದನ್ನು. ಕಡಬದ ಆ ಕೋಣೆಯಲ್ಲಿ ಅದು ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಹೇಳಲಿಲ್ಲ. ಕೋಣನ ಮುಂದೆ ಕಿನ್ನರಿ ಯಾಕೆ ಎಂದು.

ಮುಂದಿನ ವರ್ಷದ ವಿಷು ಕಳೆದ ಮೇಲೆ ಒಂದು ಸಂಜೆ ಅವರ ಮನೆಯ ಹಿಂದಿನ ತೆಂಗಿಗೆ ಸಿಡಿಲು ಬಡಿಯಿತು. ವಾರಿಜಕ್ಕ ಎಂದಿನಂತೆ ಪ್ಲಗ್ ತೆಗೆದಿದ್ದರು, ಡಿಸ್ಕು ಕಪಾಟು ಸೇರಿತ್ತು. ಸಿಡಿಲು ಆ ತೆಳ್ಳಗಿನ ವಯರಿನಲ್ಲಿ ಬಂದು ಕಂಪ್ಯೂಟರನ್ನು ಸುಟ್ಟುಹಾಕಿತು. ನನಗೆ ಫೋನ್ ಮಾಡಿದಾಗ ವಾರಿಜಕ್ಕನ ಮಾತಿನಲ್ಲಿ ಗಾಬರಿಯೇ ಇರಲಿಲ್ಲ. ‘ಕಂಪ್ಯೂಟರ್ ಹೋಯ್ತು ಮಾಷ್ಟ್ರೇ. ಹೋದ್ರೆ ಹೋಗ್ಲಿ, ಹೊಸತು ತಕ್ಕೊಳ್ಬಹುದು. ನೀವು ಮಾಡಿಟ್ಟದ್ದು ಉಂಟಲ್ಲ.’

ಹೋಗಿ ಕಂಪ್ಯೂಟರ್, ಕಪ್ಪು ಡಿಸ್ಕು ಎರಡನ್ನೂ ಪುತ್ತೂರಿಗೆ ತಂದೆ. ಕಂಪ್ಯೂಟರಿನ ಒಳಗಿನ ಡಿಸ್ಕು ಸತ್ತಿತ್ತು. ಮಂಗಳೂರಿಗೂ ಕಳಿಸಿ ನೋಡಿದೆ, ಅಲ್ಲಿಯೂ ಆಗುವುದಿಲ್ಲ ಎಂದರು. ವೇಷ್ಟಿಯಲ್ಲಿ ಸುತ್ತಿದ್ದ ಕಪ್ಪು ಡಿಸ್ಕು ಮಾತ್ರ ಚೆನ್ನಾಗಿತ್ತು. ತೆರೆದು ನೋಡಿದೆ. ನಾನು ಹೇಳಿದಂತೆಯೇ ಅದು ಕೆಲಸ ಮಾಡಿತ್ತು — ತಪ್ಪದೆ, ದಿನವೂ, ಸಿಡಿಲು ಬಿದ್ದ ದಿನದ ಮಧ್ಯಾಹ್ನದವರೆಗೂ. ಮದುವೆಯ ಫೋಟೋಗಳು. ಕರೆಂಟ್ ಬಿಲ್ಲಿನ ಫೋಟೋಗಳು. ಯಾರೋ ಕಳಿಸಿದ ಶುಭೋದಯದ ಹೂಗಳು, ರಾಶಿ ರಾಶಿ. ಸ್ವರದ ಫೋಲ್ಡರು ಇಲ್ಲ. ಮೇಲಿನಿಂದ ಕೆಳಗೆ ಪುನಃ ಪುನಃ ಹುಡುಕಿದೆ. ಇಲ್ಲ. ನನಗೆ ಅರ್ಥವಾಗಲು ಹೊತ್ತು ಬೇಕಾಗಲಿಲ್ಲ. ನಾನೇ ಕಲಿಸುವ ಪಾಠವಲ್ಲವೇ ಅದು.

ಆ ಕ್ಷಣದಲ್ಲಿ ನನಗೆ ಶ್ರೀಧರಣ್ಣನ ನೆನಪಾಯಿತು ಎಂದರೆ ಅದೂ ಒಂದು ಸುಳ್ಳಾಗುತ್ತದೆ. ನೆನಪಾದದ್ದು ನನ್ನ ಹೆಸರು. ನಂಟರ ಬಾಯಿ. ‘ಕಾಲೇಜಿನಲ್ಲಿ ಪಾಠ ಮಾಡ್ತಾನಂತೆ, ಒಂದು ನಕಲು ತೆಗೀಲಿಕ್ಕೆ ಬರ್ಲಿಲ್ಲ.’ ಯಾರನ್ನು ಇಷ್ಟು ವರ್ಷ ಹಗುರವಾಗಿ ನೋಡಿದ್ದೆನೋ ಅವರು ನನ್ನನ್ನು ಹಗುರವಾಗಿ ನೋಡುವುದು — ಅದನ್ನು ತಾಳುವ ಶಕ್ತಿ ನನಗೆ ಇರಲಿಲ್ಲ.

ಕಡಬಕ್ಕೆ ಹೋದೆ. ಜಗಲಿಯಲ್ಲಿ ನೆರೆಕರೆಯವರು ನಾಲ್ಕೈದು ಮಂದಿ ಸೇರಿದ್ದರು, ಹೆಣ ಇಟ್ಟ ಮನೆಗೆ ಬಂದ ಹಾಗೆ. ಶ್ರೀಧರಣ್ಣ ಬೆಂಚಿನ ತುದಿಯಲ್ಲಿ ಕೂತು ನನ್ನ ಕೈಯ ಚೀಲವನ್ನೇ ನೋಡುತ್ತಿದ್ದರು. ವಾರಿಜಕ್ಕ ಚಾ ತಂದರು. ನಾನು ಲೋಟ ಹಿಡಿದುಕೊಂಡೇ ಕೇಳಿದೆ:

‘ಅಕ್ಕ, ಸಂಜೆ ನೀವು ಪ್ಲಗ್ ತೆಗೀತಿದ್ರಾ?’

‘ಹೌದು ಮಾಷ್ಟ್ರೇ. ಗುಡುಗು ಬಂದ್ರೆ ತೆಗೀದೆ ಇರ್ಲಿಕ್ಕೆ ಆಗ್ತದಾ?’

‘ನಕಲು ಆಗುದೇ ಸಂಜೆಗೆ. ನೀವು ಪ್ಲಗ್ ತೆಗೆದ್ರೆ ಅದು ಆಗುದು ಹೇಗೆ?’

ಹಾಗೆ ಏನೂ ಇರಲಿಲ್ಲ. ಬೆಳಿಗ್ಗೆ ಡಿಸ್ಕು ಸಿಕ್ಕಿಸಿದ ಕೂಡಲೇ ನಕಲು ಆಗುತ್ತಿತ್ತು, ದಿನವಿಡೀ ಆಗುತ್ತಿತ್ತು. ಆದರೆ ಅದನ್ನು ತಿಳಿದವನು ಆ ಜಗಲಿಯಲ್ಲಿ ನಾನೊಬ್ಬನೇ.

‘ಹಾಗಾದ್ರೆ ಅದ್ರಲ್ಲಿ —’

‘ಎಂತದೂ ಇಲ್ಲ ಅಕ್ಕ. ಖಾಲಿ.’

ಯಾರೋ ಒಬ್ಬರು ‘ಛೆ, ಒಂದು ಮಾತು ಮಾಷ್ಟ್ರನ್ನು ಕೇಳ್ಬೇಕಿತ್ತು’ ಎಂದರು. ವಾರಿಜಕ್ಕ ತಮ್ಮ ಬಲಗೈಯನ್ನು ನೋಡಿಕೊಂಡರು, ಪ್ಲಗ್ ಎಳೆಯುತ್ತಿದ್ದ ಕೈಯನ್ನು. ಶ್ರೀಧರಣ್ಣ ಎದ್ದು ಹೋಗಿ ಹೆಂಡತಿಯ ಬೆನ್ನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದರು. ಆಮೇಲೆ ನನ್ನ ಹತ್ತಿರ ಬಂದು, ಇಷ್ಟು ದೂರ ಬಂದದ್ದಕ್ಕೆ ಕೈ ಮುಗಿದರು. ನನಗೆ ಕೈ ಮುಗಿದರು. ನಾನು ಅದನ್ನು ಸ್ವೀಕರಿಸಿ, ‘ಇರ್ಲಿ ಭಾವ, ಗೊತ್ತಾಗ್ದೆ ಆದದ್ದು’ ಎಂದು ಅವರ ಹೆಂಡತಿಗೆ ಕ್ಷಮೆ ಕೊಟ್ಟೆ. ಇದಕ್ಕಿಂತ ಕೆಳಗೆ ಮನುಷ್ಯ ಇಳಿಯಲಾರ ಎಂದು ನೀವು ತಿಳಿದಿದ್ದರೆ ತಾಳಿ, ನಾನು ಇನ್ನೂ ಒಂದು ಮೆಟ್ಟಿಲು ಇಳಿದಿದ್ದೇನೆ.

ಡಿಸ್ಕು ಖಾಲಿ ಎಂದೆನಲ್ಲ — ಅದರ ಡೆಸ್ಕ್‌ಟಾಪಿನ ನಕಲಿನಲ್ಲಿ ಒಂದು ಫೈಲು ಇತ್ತು. ಶ್ರೀಧರಣ್ಣ ಮೊದಲ ದಿನ ಮೈಕು ಪರೀಕ್ಷೆ ಮಾಡಲು ರೆಕಾರ್ಡ್ ಮಾಡಿದ್ದು. ಮಾಡಿ ಅಲ್ಲಿಯೇ ಬಿಟ್ಟಿದ್ದರು. ಜಗಲಿಯ ಸುಳ್ಳಿಗೆ ಮೊದಲೇ ನಾನು ಅದನ್ನು ಕೇಳಿದ್ದೆ. ಹಲೋ ಹಲೋ ಎಂದು ಶುರು. ಹಿಂದೆ ಕುಕ್ಕರಿನ ಸಿಳ್ಳೆ. ಆಮೇಲೆ ಆ ಸ್ವರ, ಗದ್ಗದ ಇಲ್ಲದ್ದು, ಮನೆಯೊಳಗಿನದ್ದು: ‘ವಾರಿಜಾ, ಅದ್ರ ಬಾಯಿ ಮುಚ್ಚು ಮಾರಾಯ್ತಿ, ರೆಕಾರ್ಡ್ ಆಗ್ತಾ ಉಂಟು.’ ಸಿಳ್ಳೆ ನಿಲ್ಲುತ್ತದೆ. ‘ಅಲ್ಲ, ಬಾ ಇಲ್ಲಿ. ನೀನೂ ಒಂದು ಮಾತಾಡು.’ ದೂರದಿಂದ ವಾರಿಜಕ್ಕನ ನಗು. ‘ನಾನು ಎಂತ ಮಾತಾಡುದು?’ ‘ಎಂತಾದ್ರೂ. ನಿನ್ನನ್ನು ಕರ್ದದ್ದು ಒಂದು ಇರ್ಲಿ ಅಂತ.’

ಇಷ್ಟೇ. ಆ ಮನೆಗೆ ಇದಕ್ಕಿಂತ ದೊಡ್ಡದು ಬೇರೆ ಬೇಕಿರಲಿಲ್ಲ. ಆದರೆ ಅದನ್ನು ಕೊಟ್ಟರೆ ಡಿಸ್ಕು ಖಾಲಿ ಅಲ್ಲ ಎಂದಾಗುತ್ತದೆ. ನಕಲು ಆಗುತ್ತಿತ್ತು ಎಂದಾಗುತ್ತದೆ. ಹಾಗಾದರೆ ಪ್ಲಗ್ಗಿನ ತಪ್ಪಲ್ಲ, ಹಾಗಾದರೆ — ಒಂದು ಎಳೆ ಎಳೆದರೆ ಇಡೀ ಬಟ್ಟೆ ಬಿಚ್ಚುತ್ತದೆ. ಡಿಸ್ಕು ಕೂಡ ಕೆಟ್ಟಿದೆ, ನನ್ನಲ್ಲೇ ಇರಲಿ ಎಂದು ಇಟ್ಟುಕೊಂಡೆ. ಹೆಂಡತಿ ಕೇಳಿದಾಗ ಕಾಲೇಜಿನದ್ದು ಎಂದೆ. ಅಳಿಸಿಬಿಡುವ ಎಂದು ಎಷ್ಟೋ ಸಲ ಕೂತದ್ದುಂಟು. ಅಳಿಸಲಿಲ್ಲ. ಅದನ್ನು ಒಳ್ಳೆಯತನ ಎಂದು ಯಾರೂ ಬರೆದುಕೊಳ್ಳಬೇಡಿ. ಹೇಡಿಗೆ ಕಳ್ಳತನವನ್ನೂ ಪೂರ್ತಿ ಮಾಡಲು ಬರುವುದಿಲ್ಲ, ಅಷ್ಟೇ.

ಶ್ರೀಧರಣ್ಣ ಹಾರ್ನುಗಳನ್ನು ಬಿಚ್ಚಿದರು. ಈಗ ಅದೇ ಜೀಪಿನಲ್ಲಿ ಜನ ಹೊರುತ್ತಾರೆ, ಕಡಬದಿಂದ ಒಳಊರುಗಳಿಗೆ. ಪ್ರಚಾರಕ್ಕೆ ಬೇರೆ ಕಡೆಯಿಂದ ಗಾಡಿ ಬರುತ್ತದೆ, ಯಾವುದೋ ಪೇಟೆಯ ಹುಡುಗಿಯ ಸ್ವರ, ಮರ್ಕಂಜದ ಹೆಸರನ್ನು ಕಲ್ಲು ಕಚ್ಚಿದ ಹಾಗೆ ಹೇಳುತ್ತದೆ. ಅದು ಹಾದುಹೋಗುವಾಗ ಯಾವ ಹೆಂಗಸೂ ಪಾತ್ರೆ ಕೆಳಗಿಡುವುದಿಲ್ಲವಂತೆ. ನನ್ನ ಕಿವಿಗೆ ನೆಮ್ಮದಿಯಾಗಬೇಕಿತ್ತು.

ಹೀಗೆಯೇ ಇದ್ದುಬಿಡುತ್ತಿದ್ದೆನೋ ಏನೋ. ಮೊನ್ನೆ ಬೆಳ್ಳಾರೆಯಲ್ಲಿ ನಂಟರ ಮನೆಯ ನಾಮಕರಣ. ಮಧ್ಯಾಹ್ನದ ಊಟ ಮುಗಿದು ಎಲ್ಲರೂ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಾಗ ಮೋಡ ಕವಿದು ಗುಡುಗಿತು. ಎಂದಿನಂತೆ ಮನೆಯವರು ಓಡಾಡಿ ಪ್ಲಗ್ ತೆಗೆಯತೊಡಗಿದರು. ಮಿಕ್ಸಿಯ ಪ್ಲಗ್ ವಾರಿಜಕ್ಕ ಕೂತಲ್ಲಿಗೆ ಕೈಗೆಟಕುವ ಹಾಗಿತ್ತು. ಮನೆಯಾಕೆ ಆಚೆ ಕೋಣೆಯಿಂದ, ‘ವಾರಿಜಕ್ಕ, ಅದೊಂದು ತೆಗೀರಿ’ ಎಂದರು. ವಾರಿಜಕ್ಕ ಎರಡು ಕೈಗಳನ್ನೂ ಸೆರಗಿನೊಳಗೆ ಹಾಕಿಕೊಂಡರು.

‘ನಾನು ಮುಟ್ಟುದಿಲ್ಲ. ನನ್ನ ಕೈ ಒಳ್ಳೇದಲ್ಲ.’

ಹೊಸಬರೊಬ್ಬರು ನಕ್ಕರು. ಗೊತ್ತಿದ್ದವರು ಕಣ್ಸನ್ನೆ ಮಾಡಿ ಸುಮ್ಮನಾಗಿಸಿದರು. ಆಮೇಲೆ ತಿಳಿಯಿತು — ಅವರ ಮನೆಯಲ್ಲಿ ಈಗ ಗುಡುಗು ಬಂದರೆ ಪ್ಲಗ್ ತೆಗೆಯುವವರಿಲ್ಲ. ಶ್ರೀಧರಣ್ಣ ಜೀಪಿನಲ್ಲಿ ಹೊರಗೆ. ವಾರಿಜಕ್ಕ ನಡುಕೋಣೆಯಲ್ಲಿ ಕೈ ಕಟ್ಟಿಕೊಂಡು ಕೂರುತ್ತಾರೆ. ಹೋದ ವರ್ಷ ಟಿವಿ ಸುಟ್ಟಿತು. ಇನ್ನೊಮ್ಮೆ ಅವರು ಒರಗಿ ಕೂತಿದ್ದ ಗೋಡೆಯ ಸ್ವಿಚ್ಚೇ ಕಿತ್ತು ಬಿತ್ತು. ಆದರೂ ಮುಟ್ಟುವುದಿಲ್ಲ.

ಗುಡುಗು ನಿಂತ ಮೇಲೆ ಅವರು ನನ್ನ ಪಕ್ಕದಲ್ಲೇ ಬಂದು ಕೂತು ಫೋನ್ ತೆಗೆದರು. ‘ಮಾಷ್ಟ್ರೇ, ಇದು ಹೋಗದ ಹಾಗೆ ಎಂತಾದ್ರೂ ಮಾಡ್ಲಿಕ್ಕೆ ಆಗ್ತದಾ?’ ಜೀಪಿನ ಪೆನ್ ಡ್ರೈವಿನಲ್ಲಿ ಉಳಿದುಕೊಂಡಿದ್ದ ಒಂದೇ ಪ್ರಕಟಣೆ ಅದು, ಶ್ರೀಧರಣ್ಣ ಕೊನೆಗೆ ಜೋಡಿಸಿದ್ದು. ‘ಸಹೃದಯ ಬಂಧುಗಳೇ, ಸಾಕುನಾಯಿಗಳಿಗೆ ಹುಚ್ಚು ನಿರೋಧಕ ಲಸಿಕೆ. ತಮ್ಮ ತಮ್ಮ ನಾಯಿಗಳೊಂದಿಗೆ ಬಂದು —’ ಗಂಡನ ಸ್ವರ ಎಂದು ಆ ಹೆಂಗಸಿಗೆ ಉಳಿದದ್ದು ಊರಿನ ನಾಯಿಗಳನ್ನು ಕರೆಯುವ ಒಂದು ಪ್ರಕಟಣೆ. ಮನೆಯಲ್ಲಿ ಒಬ್ಬರೇ ಇದ್ದಾಗ ಹಾಕಿ ಕೇಳುತ್ತಾರಂತೆ. ಅವರನ್ನೇ ಕರೆದ ಸ್ವರ ಇಷ್ಟು ವರ್ಷ ಪುತ್ತೂರಿನಲ್ಲಿ, ನನ್ನ ಮೇಜಿನ ಖಾನೆಯಲ್ಲಿ, ಹಳೆಯ ಚಾರ್ಜರುಗಳ ಅಡಿಯಲ್ಲಿ ಬಿದ್ದಿತ್ತು.

‘ಮಾಡುವ ಅಕ್ಕ’ ಎಂದೆ. ಆಗಲೂ ಅಷ್ಟೇ ಹೇಳಿದ್ದು.

ಮರುವಾರ ಡಿಸ್ಕನ್ನು ಚೀಲದಲ್ಲಿಟ್ಟು ಹೊರಟೆ. ಕಡಬದ ಬಸ್ಸು ಎದುರೇ ಬಂದು ನಿಂತಿತು. ಹತ್ತಲಿಲ್ಲ. ಬಾಳೆಹಣ್ಣು ಕೊಂಡು ಮನೆಗೆ ಮರಳಿದೆ. ಬೇರೆಯವರಲ್ಲಿ ಕಂಡಿದ್ದರೆ ನಾಲ್ಕು ಜನರ ಎದುರು ನಗುತ್ತಿದ್ದ ಸಂಗತಿ ಇದು.

ಇವತ್ತು ಸಂಜೆ ಇಲ್ಲಿ ಗುಡುಗಿತು. ನಮ್ಮ ಮನೆಯ ವಯರು ಕೀಳಲು ಎದ್ದವನು ಕೈಯಲ್ಲಿ ಅದನ್ನು ಹಿಡಿದುಕೊಂಡೇ ನಿಂತೆ. ಗುಡುಗು ಕಡಬದ ಕಡೆಯಿಂದಲೇ ಬರುತ್ತಿತ್ತು. ಫೋನ್ ಮಾಡಿದೆ.

‘ಅಕ್ಕ, ಭಾವ ಇದ್ದಾರಾ ಮನೆಯಲ್ಲಿ?’

‘ಇಲ್ಲ ಮಾಷ್ಟ್ರೇ, ಜೀಪು ಇನ್ನೂ ಬರ್ಲಿಲ್ಲ.’

‘ಪ್ಲಗ್ ತೆಗೀರಿ. ಇಂಟರ್‌ನೆಟ್ಟಿನ ತೆಳ್ಳಗಿನ ವಯರು ಇದ್ರೆ ಅದೂ ತೆಗೀರಿ. ನೀವೇ ತೆಗೀರಿ.’

‘ನಾನು ಮುಟ್ಟುದಿಲ್ಲ. ನಿಮಗೆ ಗೊತ್ತುಂಟಲ್ಲ.’

‘ಗೊತ್ತುಂಟು. ಆ ದಿನ ನೀವು ತೆಗೆದದ್ದು ಸರಿಯೇ ಅಕ್ಕ. ಯಾವತ್ತೂ ಸರಿಯೇ. ಸ್ವರದ ಫೋಲ್ಡರನ್ನು ನಾನು ಆ ನಕಲಿಗೆ ಸೇರಿಸಿಯೇ ಇರ್ಲಿಲ್ಲ. ಜಗಲಿಯಲ್ಲಿ ಹೇಳಿದ್ದು ಸುಳ್ಳು. ನಿಮ್ಮ ಕೈಯಿಂದ ಎಂತದೂ ಹೋಗ್ಲಿಲ್ಲ.’

ನಾನು ಕ್ಷಮಿಸಿ ಎನ್ನಲಿಲ್ಲ. ಒಮ್ಮೆ ಆ ಮನೆಯಲ್ಲಿ ಕ್ಷಮೆಯ ಆಟ ಆಡಿ ಆಗಿದೆ. ಆಮೇಲೆ ಅವರು ಕೇಳಿದರು, ತೀರಾ ಸಣ್ಣ ಸ್ವರದಲ್ಲಿ:

‘ಹಾಗಾದ್ರೆ ಆ ಡಿಸ್ಕು ಖಾಲಿ ಅಲ್ಲವಾ?’

‘ಅಲ್ಲ. ಒಂದು ಉಂಟು. ಭಾವ ನಿಮ್ಮನ್ನು ಕರ್ದದ್ದು.’

ಫೋನನ್ನು ಎಲ್ಲೋ ಇಟ್ಟ ಸದ್ದು ಕೇಳಿತು. ಹೆಜ್ಜೆ. ಆಮೇಲೆ ಟಕ್ ಎಂದು ಒಂದು ಪ್ಲಗ್ ಕಿತ್ತ ಸದ್ದು. ಸ್ವಲ್ಪ ತಡೆದು ಇನ್ನೊಂದು. ಅಡುಗೆಮನೆಯ ಕಡೆಯಿಂದ ಮತ್ತೊಂದು. ನಾನು ಕಿವಿಗೆ ಫೋನ್ ಒತ್ತಿ ನಿಂತೇ ಇದ್ದೆ. ಅವರು ಮರಳಿ ಬಂದು ಫೋನ್ ಎತ್ತಿಕೊಂಡದ್ದು ಉಸಿರಿನಿಂದ ಗೊತ್ತಾಯಿತು. 

ವಾರಿಜಕ್ಕ ಯಾವತ್ತೂ ಫೋನ್ ಇಡುವ ಮೊದಲು ‘ಬನ್ನಿ ಆಯ್ತಾ ಮನೆಗೆ’ ಎನ್ನುವವರು. ತಪ್ಪಿ ಬೇರೆಯವರ ನಂಬರಿಗೆ ಫೋನ್ ಹೋದರೂ ಹಾಗೆಯೇ ಹೇಳಿ ಇಡುವವರು. ಇವತ್ತು ಹೇಳಲಿಲ್ಲ. ಏನೂ ಹೇಳದೆ ಇಟ್ಟರು.

ಕರೆಯದ ಮನೆಗೆ ಹೋಗಬಾರದು ಎನ್ನುತ್ತಾರೆ ನಮ್ಮ ಕಡೆ. ಅದು ಮರ್ಯಾದೆ ಇರುವವರಿಗೆ ಹೇಳಿದ ಮಾತು. ಡಿಸ್ಕನ್ನು ಅದೇ ವೇಷ್ಟಿಯ ತುಂಡಿನಲ್ಲಿ ಸುತ್ತಿ ಚೀಲದಲ್ಲಿ ಇಟ್ಟಿದ್ದೇನೆ. ನಾಳೆ ಬೆಳಗ್ಗಿನ ಬಸ್ಸಿಗೆ ಹೋಗುತ್ತೇನೆ. ಶ್ರೀಧರಣ್ಣ ಬಾಗಿಲಲ್ಲಿ ನಿಂತಿರಬಹುದು. ನನಗೆ ಬೈಯಲು ಅವರಿಗೆ ಸ್ವರವಿಲ್ಲ. ನಾನು ಅಂಗಳದಲ್ಲೇ ನಿಂತು, ಅವರು ಹೇಳಲಾರದ್ದನ್ನೆಲ್ಲ ಕೇಳಿಸಿಕೊಂಡು ಬರಬೇಕು.